ಕರಿಗುಡ್ಡದಹಟ್ಟಿಯ ಬಿಳಿ ಉಣ್ಣೆ

ಉಣ್ಣೆ ಮಾರಾಟ ವಿಭಾಗದ ಮುಖ್ಯಾಧಿಕಾರಿಗಳಿಗೆ, ಊರೆಲ್ಲ ಓದಲೆಂದು

ಮಾನ್ಯರೇ,

ಏಳು ದಿನಗಳೊಳಗೆ ಲಿಖಿತ ವಿವರಣೆ ಕೊಡಬೇಕೆಂದು ನಿಮ್ಮ ಕಚೇರಿಯಿಂದ ನನಗೆ ನೋಟೀಸು ಬಂದಿದೆ. ಕರಿಗುಡ್ಡದಹಟ್ಟಿ ಎಂಬ ಊರಿನ ಹೆಸರನ್ನು ನಾವು ಹೆಣೆದ ಉಡುಪುಗಳ ಚೀಟಿಯ ಮೇಲೆ ನಿಮ್ಮ ಅನುಮತಿಯಿಲ್ಲದೆ ಬರೆದಿದ್ದೇನಂತೆ. ಬರೆದಿದ್ದೇನೆ, ಒಪ್ಪಿಕೊಳ್ಳುತ್ತೇನೆ. ಆ ಉಣ್ಣೆ ಆ ಊರಿನ ಕುರಿಗಳ ಮೈಯಿಂದಲೇ ಬಂದದ್ದು, ಅದಕ್ಕೇ ಬರೆದೆ. ಅದೇ ಊರಿನ ಹೆಸರನ್ನು ನೀವೂ ನಿಮ್ಮ ಉಣ್ಣೆಯ ಲಡಿಗಳ ಮೇಲೆ ಅಚ್ಚು ಹಾಕಿಸಿ ಮಾರುತ್ತಿದ್ದೀರಿ. ಆ ಊರಿನಿಂದ ನೀವು ಒಂದು ಹಿಡಿ ಉಣ್ಣೆ ಕೊಂಡು ಐದು ವರ್ಷವಾಯಿತು. ಹಾಗಾದರೆ ವಿವರಣೆಯನ್ನು ಯಾರು ಯಾರಿಗೆ ಕೊಡಬೇಕು?

ನಿಮ್ಮ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಭಯದಿಂದಲ್ಲ. ಒಂದು ವರ್ಷದಲ್ಲಿ ನಿಮ್ಮ ಕುರ್ಚಿಯಲ್ಲಿ ಮೂವರನ್ನು ಕಂಡಿದ್ದೇನೆ. ಈ ಪತ್ರ ಅಚ್ಚಾಗುವ ಹೊತ್ತಿಗೆ ನಾಲ್ಕನೆಯವರು ಕೂತಿರಬಹುದು. ಅವರಿಗೂ ಇದು ಸಲ್ಲುತ್ತದೆ.

ನಾನು ತ್ಯಾಗರಾಜನಗರದ ಭಾಗೀರಥಮ್ಮ. ಬಸವನಗುಡಿಯ ಒಂದು ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಹೊಲಿಗೆ, ಹೆಣಿಗೆ ಕಲಿಸಿ 1997ರಲ್ಲಿ ನಿವೃತ್ತಳಾದೆ. ಈ ಪತ್ರವನ್ನು ಬೆಳಗ್ಗೆಯಿಂದ ನಾಲ್ಕು ಸಲ ಶುರುಮಾಡಿ ಹರಿದಿದ್ದೇನೆ. ಕೂತರೆ ಸಿಟ್ಟು ಬರುತ್ತದೆ. ಎದ್ದು ಅಡುಗೆಮನೆಯಿಂದ ಗೇಟಿನವರೆಗೆ ಓಡಾಡಿದರೆ ಬರೆಯಬೇಕಾದ ವಾಕ್ಯ ಹೊಳೆಯುತ್ತದೆ. ವಾಪಸು ಬಂದು ಪೆನ್ನು ಹಿಡಿಯುವಷ್ಟರಲ್ಲಿ ಅದು ಹೋಗಿರುತ್ತದೆ. ಹಾಗಾಗಿ ಕ್ರಮ ತಪ್ಪಿದರೆ ಮನ್ನಿಸಬೇಕು. ನಿಮ್ಮ ನೋಟೀಸು ಮಾತ್ರ ಬಹಳ ಕ್ರಮಬದ್ಧವಾಗಿದೆ. ಕ್ರಮಸಂಖ್ಯೆ, ದಿನಾಂಕ, ಉಲ್ಲೇಖ, ಮೊಹರು, ಎಲ್ಲ ಇವೆ.

ನಿವೃತ್ತಿಯಾದ ಮರುವರ್ಷ ನಾನೂ ನನ್ನ ಸ್ನೇಹಿತೆ ಕೋಕಿಲಾಳೂ ಸೇರಿ ಹೆಣಿಗೆಯ ಗುಂಪೊಂದನ್ನು ಕಟ್ಟಿದೆವು. ಕೋಕಿಲಾ ವೈಯಾಲಿಕಾವಲಿನವಳು. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು, ನಲವತ್ತೈದು ವರ್ಷದ ಗೆಳೆತನ. ಇನ್ನೂ ಒಂಬತ್ತು ಹೆಂಗಸರು ಸೇರಿಕೊಂಡರು. ಮಂಗಳವಾರ ಮತ್ತು ಶುಕ್ರವಾರ ಮಧ್ಯಾಹ್ನ ನಮ್ಮ ಮನೆಯ ಜಗಲಿಯಲ್ಲಿ ಹನ್ನೊಂದು ಜೊತೆ ಕಡ್ಡಿಗಳು ಟಕಟಕ ಎನ್ನುತ್ತಿದ್ದವು. ಸ್ವೆಟರು, ಮಫ್ಲರು, ಕೂಸಿನ ಟೋಪಿ, ಕಾಲುಚೀಲ ಹೆಣೆದು ಡಿಸೆಂಬರಿನ ಚಳಿಯಲ್ಲಿ ಮಾರುತ್ತಿದ್ದೆವು.

ಯಾವ ದಾರದಲ್ಲಿ ಹೆಣೆಯುವುದು ಎಂಬುದು ಮೊದಲ ದಿನವೇ ಬಂದ ಪ್ರಶ್ನೆ. ಪೇಟೆಯಲ್ಲಿ ಉಣ್ಣೆ ಎಂದು ಮಾರುವುದು ಮುಕ್ಕಾಲು ಪಾಲು ಅಕ್ರಿಲಿಕ್, ಅಂದರೆ ಪ್ಲಾಸ್ಟಿಕ್ಕಿನ ಚಿಕ್ಕಪ್ಪನ ಮಗ. ಶಾಲೆಯಲ್ಲಿದ್ದಾಗ ಏಳನೇ ತರಗತಿಯ ಹುಡುಗಿಯರಿಂದ ಒಂದು ಪ್ರಯೋಗ ಮಾಡಿಸಿದ್ದೆ. ಉಣ್ಣೆಯ ಒಂದು ಚೌಕ, ಅಕ್ರಿಲಿಕ್ಕಿನ ಒಂದು ಚೌಕ ಹೆಣೆಸಿ ಕನಕಾಂಬರದ ಪಾತಿಯಲ್ಲಿ ಹೂಳಿಸಿದೆ. ಎರಡು ಮಳೆಗಾಲ ಕಳೆದು ಅಗೆದರೆ ಉಣ್ಣೆಯ ಗುರುತೂ ಇರಲಿಲ್ಲ, ಮಣ್ಣಾಗಿತ್ತು. ಅಕ್ರಿಲಿಕ್ ಹೊಸ ಮದುವಣಗಿತ್ತಿಯಂತೆ ಕೆಂಪಗೆ ಎದ್ದು ಬಂತು. ಅದನ್ನು ನೋಡಿದ ಮೇಲೆ, ನಾನು ಸತ್ತ ನೂರು ವರ್ಷದ ಮೇಲೂ ಯಾವುದೋ ಕಸದ ಗುಂಡಿಯಲ್ಲಿ ನಾನು ಹೆಣೆದ ಸ್ವೆಟರು ಹಾಗೇ ಬಿದ್ದಿರುತ್ತದೆ ಎಂಬ ಯೋಚನೆ ನನ್ನನ್ನು ಬಿಡಲಿಲ್ಲ. ನಿಜವಾದ ಉಣ್ಣೆ ಬೇಕು, ಅದೂ ನಮ್ಮ ನಾಡಿನದೇ ಆಗಬೇಕು, ಯಾವ ಊರಿನ ಕುರಿಯದ್ದು ಎಂದು ಕೇಳಿದರೆ ಉತ್ತರ ಹೇಳುವಂತಿರಬೇಕು ಎಂದು ಹಟ ಹಿಡಿದೆ.

ಆಗ ಸಿಕ್ಕಿದ್ದು ನಿಮ್ಮ ಮಳಿಗೆ. ಎಷ್ಟು ಸಂತೋಷಪಟ್ಟೆ ಗೊತ್ತೆ? ಪ್ರತಿ ಲಡಿಗೂ ಒಂದು ಚೀಟಿ, ಚೀಟಿಯ ಮೇಲೆ ಬೆಳ್ಳಗಿನ ಕುರಿಯ ಚಿತ್ರ, ಕೆಳಗೆ ಅಚ್ಚಗನ್ನಡದಲ್ಲಿ ‘ಮೂಲ: ಕರಿಗುಡ್ಡದಹಟ್ಟಿ’. ದಾರದ ತುದಿ ಸುಟ್ಟು ನೋಡಿದೆ. ಕೂದಲು ಸುಟ್ಟ ವಾಸನೆ ಬಂತು, ಬೂದಿ ಬೆರಳಲ್ಲಿ ಪುಡಿಯಾಯಿತು. ಉಣ್ಣೆಯೇ, ಸಂಶಯವಿಲ್ಲ. ಅಲ್ಲಿಗೆ ನನ್ನ ವಿಚಾರಣೆ ಮುಗಿಯಿತು. ಎಂಥ ದಡ್ಡತನ! ಉಣ್ಣೆ ಹೌದೋ ಅಲ್ಲವೋ ಎಂದು ಬೆಂಕಿ ಹೇಳುತ್ತದೆ, ಯಾವ ಊರಿನದು ಎಂದು ಬೆಂಕಿ ಹೇಳುವುದಿಲ್ಲ. ಅದನ್ನು ಸರ್ಕಾರ ಹೇಳುತ್ತದೆ ಎಂದು ನಂಬಿದೆ. ನಾಲ್ಕು ಚಳಿಗಾಲ ನನ್ನ ಕೈಯಾರೆ ಇನ್ನೂರಕ್ಕೂ ಹೆಚ್ಚು ಚೀಟಿ ಬರೆದೆ: ‘ಇದು ಕರಿಗುಡ್ಡದಹಟ್ಟಿಯ ಕುರಿಗಳ ಉಣ್ಣೆ.’ ಅಕ್ಷರ ದುಂಡಗಿರಲಿ ಎಂದು ಗೆರೆ ಎಳೆದು ಬರೆಯುತ್ತಿದ್ದೆ.

2002ರ ಜನವರಿಯಲ್ಲಿ ಚಾಮರಾಜಪೇಟೆಯ ಗಗನಾ ಎಂಬ ಹುಡುಗಿ ಸ್ವೆಟರು ಕೊಳ್ಳಲು ಬಂದಳು. ಹೆಬ್ಬಾಳದಲ್ಲಿ ಪಶುವೈದ್ಯಕೀಯ ಓದುತ್ತಿದ್ದವಳು. ಚೀಟಿ ಓದಿ, ಸ್ವೆಟರನ್ನು ಬೆಳಕಿಗೆ ಹಿಡಿದು ಕೇಳಿದಳು: “ಆಂಟಿ, ಇದು ಹಿರಿಯೂರು ಕಡೆ ಊರಲ್ವಾ? ಅಲ್ಲಿ ಕುರಿ ಕರೀದಿರುತ್ತೆ, ಇಲ್ಲಾಂದ್ರೆ ಕಂದು. ಕೂದಲು ಒರಟು. ಇದು ಇಷ್ಟು ಬಿಳಿ, ಇಷ್ಟು ಮೆತ್ತಗೆ ಹೇಗಿದೆ?”

“ತೊಳೆದು ಬಿಳಿ ಮಾಡಿರ್ತಾರೇನೋ ಕಣಮ್ಮ,” ಎಂದೆ.

“ಕಪ್ಪು ಕುರೀನ ಎಷ್ಟು ತೊಳೆದ್ರೂ ಕಪ್ಪೇ ಅಲ್ವಾ ಆಂಟಿ?”

ಅವಳು ವ್ಯಂಗ್ಯವಾಡಲಿಲ್ಲ. ತಿಳಿದುಕೊಳ್ಳಬೇಕೆಂದೇ ಕೇಳಿದಳು. ಸ್ವೆಟರನ್ನೂ ಕೊಂಡುಹೋದಳು. ನನಗೆ ಮಾತ್ರ ಆವತ್ತಿನಿಂದ ಕಾಲು ನಿಲ್ಲಲಿಲ್ಲ. ಮಾರನೆಯ ದಿನವೇ ನಿಮ್ಮ ಮಳಿಗೆಗೆ ಹೋದೆ. ಅಲ್ಲಿದ್ದ ಗುಮಾಸ್ತರು ಒಳ್ಳೆಯವರು, ಸುಳ್ಳು ಹೇಳಲಿಲ್ಲ. “ಚೀಟಿ ಒಂದು ಕಡೆಯಿಂದ ಪ್ರಿಂಟಾಗಿ ಬರುತ್ತೆ ಅಮ್ಮಾ, ಮಾಲು ಇನ್ನೊಂದು ಕಡೆಯಿಂದ ಬರುತ್ತೆ. ಎರಡನ್ನೂ ಸೇರಿಸಿ ದಾರ ಕಟ್ಟೋದಷ್ಟೇ ನಮ್ಮ ಕೆಲಸ,” ಎಂದರು. ಮಾಲು ಎಲ್ಲಿಂದ ಬರುತ್ತದೆ ಎಂದೆ. “ಹೊರಗಿಂದ,” ಎಂದರು. ಯಾವ ಹೊರಗು? ರಾಜ್ಯದ ಹೊರಗೋ, ದೇಶದ ಹೊರಗೋ? ಅವರು ಸುಮ್ಮನೆ ಫ್ಯಾನಿನ ಕಡೆ ನೋಡಿದರು.

ಆ ವಾರವೇ ನಾನೂ ಕೋಕಿಲಾಳೂ ಮೆಜೆಸ್ಟಿಕ್ಕಿನಲ್ಲಿ ಬಸ್ಸು ಹತ್ತಿದೆವು. ಹಿರಿಯೂರಿನಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು, ಕೊನೆಯ ಮೂರು ಮೈಲಿ ನಡೆದು ಕರಿಗುಡ್ಡದಹಟ್ಟಿ ಮುಟ್ಟಿದೆವು. ಮಾನ್ಯರೇ, ನೀವು ಆ ಊರನ್ನು ಲಕ್ಷಗಟ್ಟಲೆ ಚೀಟಿಗಳ ಮೇಲೆ ಅಚ್ಚು ಹಾಕಿಸಿದ್ದೀರಿ. ಒಮ್ಮೆಯಾದರೂ ನೋಡಿದ್ದೀರಾ? ಮೂವತ್ತು ಮನೆ, ಒಂದು ಹುಣಸೆಮರ, ಮುಳ್ಳಿನ ಬೇಲಿಯ ಕುರಿದೊಡ್ಡಿಗಳು. ದೊಡ್ಡಿ ತುಂಬ ಕಪ್ಪು ಕುರಿ. ಬಿಳಿಯದು ಇದೆಯೇ ಎಂದು ಹುಡುಕಿದೆ. ಒಂದೇ ಒಂದಿತ್ತು, ಅದು ಮೇಕೆ.

ಮರಿಯಣ್ಣನೆಂಬ ಕುರಿಗಾರ ನಮ್ಮನ್ನು ಕೂರಿಸಿ ಹೆಂಡತಿಯನ್ನು ಕರೆದ. “ಬಸವೀ, ಬಾ ಇಲ್ಲಿ. ಬೆಂಗ್ಳೂರಿಂದ ಯಾರೋ ಉಣ್ಣೆ ತಂದಾರೆ ನೋಡು.”

ಬಸವಮ್ಮ ಬಂದು ನನ್ನ ಕೈಯಿಂದ ಲಡಿ ತೆಗೆದುಕೊಂಡಳು. ಒಂದು ಎಳೆ ಕಿತ್ತು ಬೆರಳಲ್ಲಿ ಹೊಸೆದಳು, ಕೆನ್ನೆಗೆ ಒತ್ತಿ ನೋಡಿದಳು. “ಮೆತ್ತಗೈತೆ. ಯಾವೂರ್ದು ಇದು?”

ಕೋಕಿಲಾ ಹೇಳಿದಳು. “ನಿಮ್ಮೂರದೇ ಅಂತ ಇದರಲ್ಲಿ ಬರೆದಿದೆಯಮ್ಮ.”

“ನಮ್ ಹಟ್ಟಿ ಹೆಸ್ರಾ? ನಂಗೆ ಓದಾಕ್ ಬರಲ್ಲ. ನೀವ್ ಓದ್ರಿ.”

ಕೋಕಿಲಾ ಓದಿದಳು. “ಇನ್ನೊಂದ್ ಸಲ ಓದ್ರಿ,” ಎಂದಳು ಬಸವಮ್ಮ. ಮತ್ತೆ ಓದಿದ ಮೇಲೆ ಚೀಟಿಯ ಚಿತ್ರ ನೋಡಿ ನಗತೊಡಗಿದಳು. “ಏನಂದ್ರೀ, ಈ ಕುರೀಗೆ ಯಾರೋ ಪೌಡ್ರು ಹಚ್ಚಾರೆ!” ಮರಿಯಣ್ಣನೂ ನಕ್ಕ. ನಾವೂ ನಕ್ಕೆವು. ಆಮೇಲೆ ಅವಳ ನಗು ನಿಂತುಹೋಯಿತು. “ಹಂಗಾರೆ ನಮ್ಮುಣ್ಣೆ ಎಲ್ಲೋಯ್ತು ಅಂತ ಕೇಳಿದ್ರಾ ಅವ್ರನ್ನ?”

ಅವರ ಉಣ್ಣೆ ಎಲ್ಲಿ ಹೋಗಿದೆ ಎಂದು ಅವಳೇ ತೋರಿಸಿದಳು. ಬೇಲಿಯ ಹಿಂದೆ ಎದೆಯೆತ್ತರದ ಕಪ್ಪು ಗುಡ್ಡೆ. ಕೆಳಗಿನದು ಕೊಳೆತು ಮಣ್ಣಾಗಿತ್ತು, ಮೇಲಿನದರ ಮೇಲೆ ನಾಯಿಯೊಂದು ಮಲಗಿತ್ತು. ನಿಮ್ಮ ಲಾರಿ ಬಂದು ನಾಲ್ಕು ವರ್ಷವಾಗಿದೆ ಎಂದು ಮರಿಯಣ್ಣ ಹೇಳಿದ. ಮೊದಲೆಲ್ಲ ವರ್ಷಕ್ಕೆರಡು ಸಲ ಬರುತ್ತಿತ್ತಂತೆ. ಒಂದು ಸಲ ತಡವಾಯಿತು, ಆಮೇಲೆ ಬರಲೇ ಇಲ್ಲ, ಯಾಕೆಂದು ಯಾರೂ ಹೇಳಲೂ ಇಲ್ಲ. ಕಂಬಳಿ ನೇಯುವವರು ಊರಿನಲ್ಲಿ ಇಬ್ಬರೇ ಉಳಿದಿದ್ದಾರೆ, ಅವರಿಗೆ ಇಷ್ಟು ಬೇಡ. “ಕತ್ತರಿಸ್ದಿದ್ರೆ ಕುರೀಗೆ ಉಣ್ಣಿ ಹತ್ತಿ ಹುಣ್ಣಾಗ್ತದೆ,” ಎಂದಳು ಬಸವಮ್ಮ. “ಕತ್ತರಿಸಿದ್ರೆ ಇಡಾಕೆ ಜಾಗಿಲ್ಲ. ಬಿಸಾಕಾಕೂ ಮನ್ಸು ಬರಲ್ಲ ಕಣವ್ವ, ಅದರ ಮೈಮ್ಯಾಗಿಂದು ಅಲ್ವಾ?”

ಬರುವಾಗ ಬಸ್ಸಿನಲ್ಲಿ ನನಗೂ ಕೋಕಿಲಾಳಿಗೂ ಜಗಳವಾಯಿತು. ಸ್ವೆಟರು ಕೊಂಡ ಎಲ್ಲರಿಗೂ ಪತ್ರ ಬರೆದು ನಿಜ ತಿಳಿಸೋಣ ಎಂದೆ. ವಿಳಾಸಗಳೆಲ್ಲ ನನ್ನ ಬಳಿ ಇದ್ದವು.

“ನಿನಗೇನು ಹುಚ್ಚಾ ಭಾಗೀ? ಯಾರಿಗೂ ಗೊತ್ತಿಲ್ಲ. ನಾವೇ ಹೋಗಿ ಮೋಸ ಮಾಡಿದ್ವಿ ಅಂತ ಯಾಕೆ ಹೇಳ್ಕೋಬೇಕು?”

“ನಾವು ಮೋಸ ಮಾಡಿಲ್ಲ. ಆದರೆ ಚೀಟಿ ಬರೆದಿರೋ ಕೈ ನಂದು.”

“ಅವರು ಕೊಟ್ಟಿದ್ದನ್ನ ಬರೆದೆ. ಆಯ್ತಲ್ಲ? ನಮ್ಮ ಟೋಪಿ ಹಾಕ್ಕೊಂಡಿರೋ ಮಗು ಬಂದು ನಿನ್ನ ಕೇಳುತ್ತಾ, ಇದು ಯಾವೂರ ಕುರಿ ಅಂತ?”

ನಾನು ಪತ್ರ ಬರೆದೆ. ಹದಿನೆಂಟು ಜನ ಸ್ವೆಟರು ವಾಪಸು ತಂದರು. ಒಬ್ಬರು ಗೇಟಿನಲ್ಲೇ ನಿಂತು, ಮೇಷ್ಟ್ರಮ್ಮ ಎಂದು ನಂಬಿದ್ದೆವು ಎಂದು ಹೇಳಿ ಹೋದರು. ನನ್ನ ಪತ್ರ ತನ್ನನ್ನೂ ಸುಳ್ಳುಗಾತಿಯನ್ನಾಗಿ ಮಾಡಿತು ಎಂದು ಕೋಕಿಲಾ ಗುಂಪು ಬಿಟ್ಟಳು. ಹತ್ತು ತಿಂಗಳು ಫೋನಿಲ್ಲ, ಗಣೇಶನ ಹಬ್ಬಕ್ಕೂ ಬರಲಿಲ್ಲ. ನಿಮ್ಮ ಕಚೇರಿಯ ಒಂದು ಚೀಟಿಯಿಂದ ಒಂದು ಬೆಂಚಿನ ಗೆಳೆತನ ಮುರಿದುಬಿತ್ತು. ಇದನ್ನು ಯಾವ ಕಡತದಲ್ಲಿ ಇಡುತ್ತೀರಿ? ಇದೇ ಅವಧಿಯಲ್ಲಿ ನಾನು ನಿಮಗೆ ಮೂರು ಪತ್ರ ಬರೆದೆ. ಮೂರಕ್ಕೂ ಸ್ವೀಕೃತಿ ಸಂಖ್ಯೆ ಬಂತು. ಉತ್ತರ ಬರಲಿಲ್ಲ.

ಉತ್ತರಕ್ಕೆ ಕಾದು ಕೂರುವ ಸ್ವಭಾವ ನನ್ನದಲ್ಲ. ಬಸವಮ್ಮನಿಂದ ಎರಡು ಮೂಟೆ ಉಣ್ಣೆ ತರಿಸಿದೆ. ಅಂಟುವಾಳಕಾಯಿ ನೆನೆಸಿ ಹಿತ್ತಲಿನಲ್ಲಿ ತೊಳೆದೆವು. ಮುಳ್ಳು, ಹಿಕ್ಕೆ, ಜಿಡ್ಡು ಎಲ್ಲ ಸೇರಿ ಮೋರಿ ಕಟ್ಟಿಕೊಂಡಿತು. ಬೀದಿಯ ತುಂಬ ಕುರಿದೊಡ್ಡಿಯ ವಾಸನೆ ಹಬ್ಬಿ, ಪಕ್ಕದ ಮನೆಯವರು ನಾವು ಏನನ್ನು ಸಾಕುತ್ತಿದ್ದೇವೆ ಎಂದು ಕಾಂಪೌಂಡಿನಿಂದ ಬಗ್ಗಿ ನೋಡಿದರು. ಒಣಗಿಸಿ ಹಟ್ಟಿಗೆ ವಾಪಸು ಕಳಿಸಿದೆವು. ಬಸವಮ್ಮನ ಅತ್ತೆ ಅಂಜಿನಮ್ಮ ನೂತು ಕೊಟ್ಟಳು. ಅದರಲ್ಲಿ ನಾನು ಮೊದಲ ಸ್ವೆಟರು ಹೆಣೆದೆ. ಅದನ್ನು ನೆಲದ ಮೇಲಿಟ್ಟರೆ ತನ್ನಷ್ಟಕ್ಕೆ ತಾನೇ ನಿಲ್ಲುತ್ತಿತ್ತು. ನನ್ನ ಅಣ್ಣ ಶೀನಣ್ಣ ಧೈರ್ಯ ಮಾಡಿ ಅದನ್ನು ತೊಟ್ಟು ಲಾಲ್‌ಬಾಗಿಗೆ ವಾಕಿಂಗ್ ಹೋದ. ಅರ್ಧ ಗಂಟೆಯಲ್ಲಿ ಕುತ್ತಿಗೆ ಕೆಂಪಗೆ ಮಾಡಿಕೊಂಡು ಬಂದ. “ಬೆಚ್ಚಗಿದೆ ಭಾಗೀ, ಇಲ್ಲ ಅನ್ನಲ್ಲ. ಆದ್ರೆ ಮೈಮೇಲೆ ಯಾರೋ ಜಗಳ ಆಡ್ತಿದ್ದ ಹಾಗಿದೆ.”

ಇದನ್ನು ನಿಮಗೆ ಹೇಳುವುದರಿಂದ ನಿಮಗೇ ಅನುಕೂಲವೆಂದು ಗೊತ್ತು. ನೋಡಿ, ಆ ಉಣ್ಣೆ ಒರಟು, ಅದಕ್ಕೇ ನಾವು ಕೊಳ್ಳುವುದಿಲ್ಲ ಎನ್ನುತ್ತೀರಿ. ಕೊಳ್ಳಬೇಡಿ, ಅದು ನಿಮ್ಮ ತೀರ್ಮಾನ. ಆದರೆ ಕೊಳ್ಳದ ಉಣ್ಣೆಯ ಹೆಸರನ್ನು ಕೊಂಡ ಉಣ್ಣೆಗೆ ಕಟ್ಟುವುದು ಯಾವ ನಿಯಮ? ಬೇಡವಾದ ಕುರಿಯ ಹೆಸರು ಮಾತ್ರ ಯಾಕೆ ಬೇಕಾಯಿತು?

ಒರಟುತನಕ್ಕೂ ದಾರಿಯಿತ್ತು. ಅದು ಬಸವಮ್ಮನಿಗೆ ಮೊದಲೇ ಗೊತ್ತಿತ್ತು, ಯಾರೂ ಅವಳನ್ನು ಕೇಳಿರಲಿಲ್ಲ. ಎರಡನೆಯ ಸಲ ಹೋದಾಗ ನನ್ನ ಸ್ವೆಟರು ಮುಟ್ಟಿ ನೋಡಿ ಬೈದಳು. “ಹಿಂಗ್ ಎಲ್ಲಾ ಕಲಸಿದ್ರೆ ಚುಚ್ದೆ ಇರ್ತದಾ? ಮರಿ ಮೊದಲ್ನೇ ಸಲ ಕತ್ತರಿಸಿದ್ದು ಬ್ಯಾರೆ ಇಡ್ಬೇಕು. ದೊಡ್ಡ ಕುರೀದು ಕತ್ತು, ಹೆಗಲು ಒಂದ್ ಕಡೆ. ಹೊಟ್ಟೆ, ಕಾಲಿಂದು ಕಂಬಳೀಗೆ.” ಹಾಗೆ ಬೇರೆ ಬೇರೆ ಮಾಡಿದೆವು. ಅಂಜಿನಮ್ಮ ಹುರಿ ಸ್ವಲ್ಪ ಸಡಿಲ ಬಿಟ್ಟು ನೂತಳು. ನಾವು ದಪ್ಪ ಕಡ್ಡಿ ಹಿಡಿದು, ಶರ್ಟಿನ ಮೇಲೆ ತೊಡುವ ತೋಳಿಲ್ಲದ ಕೋಟು ಹೆಣೆದೆವು. ಕಪ್ಪು, ಕಂದು, ಬೂದಿ, ಕುರಿಗಳಿಗೆ ಇರುವ ಬಣ್ಣಗಳೇ, ಬಣ್ಣ ಕಟ್ಟಲಿಲ್ಲ. ಚೀಟಿಯ ಮೇಲೆ ಊರು, ಕುರಿಗಾರರ ಹೆಸರು, ಉಣ್ಣೆ ಕತ್ತರಿಸಿದ ತಿಂಗಳು, ನೂತವರು, ಹೆಣೆದವರು. ಮೊದಲನೆಯದನ್ನು ಶೀನಣ್ಣ ಇಡೀ ಡಿಸೆಂಬರು ತೊಟ್ಟ. ಜಗಳದ ಸುದ್ದಿಯಿರಲಿಲ್ಲ.

ಇಷ್ಟಾದ ಮೇಲೆ, ಈ ಜನವರಿಯಲ್ಲಿ, ಮಲ್ಲೇಶ್ವರದ ಮೈದಾನದಲ್ಲಿ ನಿಮ್ಮ ವಿಭಾಗವೇ ನಡೆಸಿದ ಮೇಳಕ್ಕೆ ನಮಗೂ ಒಂದು ಮಳಿಗೆ ಸಿಕ್ಕಿತು. ‘ನಾಡಿನ ಉಣ್ಣೆ, ನಾಡಿನ ಉಡುಪು’ ಎಂದು ಕಮಾನಿನ ಮೇಲೆ ಬರೆಸಿದ್ದಿರಿ. ಬಸವಮ್ಮನನ್ನೂ ಕರೆಸಿಕೊಂಡಿದ್ದೆ. ಅವಳು ಹೊಸ ಸೀರೆಯುಟ್ಟು ಉಣ್ಣೆಯ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದಳು. ಕೇಳಿದವರಿಗೆಲ್ಲ ಯಾವುದು ಮರಿಯದು, ಯಾವುದು ಹೆಗಲಿನದು ಎಂದು ಹೇಳುತ್ತಿದ್ದಳು. ಎರಡನೆಯ ದಿನ ಹನ್ನೊಂದು ಗಂಟೆಗೆ ಕೋಕಿಲಾ ಬಂದಳು. ಯಾರೋ ಗಿರಾಕಿಯಂತೆ ಒಂದು ಕೋಟು ಎತ್ತಿ ಹೆಣಿಗೆಯ ಮನೆಗಳನ್ನು ಎಣಿಸಿದಳು. “ಕಂಕುಳಲ್ಲಿ ಎರಡು ಮನೆ ಬಿಟ್ಟಿದೀಯ,” ಎಂದಳು. ಅಷ್ಟೇ. ಬುಟ್ಟಿಯ ಪಕ್ಕ ಕೂತಳು.

ಮಧ್ಯಾಹ್ನ ತಾವು ದಯಮಾಡಿಸಿದಿರಿ. ನೆನಪಿದೆಯಷ್ಟೆ? ಹಿಂದೆ ನಾಲ್ವರು, ಅದರಲ್ಲಿ ಒಬ್ಬರ ಕೈಯಲ್ಲಿ ಕ್ಯಾಮೆರಾ. ನಮ್ಮ ಚೀಟಿ ಓದಿದಿರಿ.

“ನಮ್ಮ ಲೇಬಲ್ ಎಲ್ಲಿ?”

“ಉಣ್ಣೆ ನಿಮ್ಮಿಂದ ಕೊಂಡಿದ್ದಲ್ಲ ಸಾರ್. ಊರಿನಿಂದಲೇ ತಂದದ್ದು.”

“ಮೂಲ ದೃಢೀಕರಣ ಇಲ್ಲದೆ ಊರಿನ ಹೆಸರು ಹಾಕೋ ಹಾಗಿಲ್ಲ. ಇದು ಅಲ್ಲಿನದೇ ಅನ್ನೋದಕ್ಕೆ ಏನು ಆಧಾರ?”

ಬಸವಮ್ಮ ಎದ್ದು ನಿಂತು ಕೈಮುಗಿದಳು. “ನಾನೇ ಸಾಮಿ. ಕುರಿ ನಮ್ದು. ಕತ್ತರಿಸಿದ್ದೂ ನಾನೇಯ.”

ನೀವು ಅವಳ ಕಡೆ ತಿರುಗಿ, ಬಹಳ ಸಮಾಧಾನದಿಂದ, ಮಗುವಿಗೆ ಹೇಳುವಂತೆ ಹೇಳಿದಿರಿ. “ನೀವು ಹೇಳಿದ್ರೆ ಆಗಲ್ಲಮ್ಮ. ಡಾಕ್ಯುಮೆಂಟ್ ಬೇಕು.”

ಆಗ ಕೋಕಿಲಾ ಎದ್ದಳು. ಯಾರಿಗೂ ಹೇಳುವುದು ಬೇಡ ಎಂದಿದ್ದ ಅದೇ ಕೋಕಿಲಾ. ಎದುರಿನ ನಿಮ್ಮ ಮಳಿಗೆಗೆ ಹೋಗಿ ಒಂದು ಬಿಳಿ ಲಡಿ ತಂದು ನಿಮ್ಮ ಮುಂದೆ ಹಿಡಿದಳು. “ಇದಕ್ಕೆ ಡಾಕ್ಯುಮೆಂಟ್ ಇದೆ ಅಲ್ವಾ ಸಾರ್? ಇದು ಎಲ್ಲಿಂದ ಬಂತು?”

“ಅದರಲ್ಲೇ ಬರೆದಿದೆಯಲ್ರೀ.”

“ಬರೆದಿದೆ. ಈಕೆ ಆ ಊರಿನವಳು, ನಿಮ್ಮ ಮುಂದೇನೇ ನಿಂತಿದಾಳೆ. ಒಂದೇ ಒಂದು ಮಾತು ಕೇಳಿ ಇವಳನ್ನ.”

ಸುತ್ತ ಜನ ಸೇರಿದ್ದರು. ನೀವು ಕೇಳಬಹುದಾಗಿತ್ತು. ಕೈಗಡಿಯಾರ ನೋಡಿಕೊಂಡು, ವೇದಿಕೆಯಲ್ಲಿ ಅತಿಥಿಗಳು ಕಾಯುತ್ತಿದ್ದಾರೆ ಎಂದು ನಡೆದುಬಿಟ್ಟಿರಿ. ಕಾಲು ಗಂಟೆಯಲ್ಲಿ ನಿಮ್ಮ ಸಿಬ್ಬಂದಿ ಬಂದು, ಚೀಟಿ ಕೀಳಿ, ಇಲ್ಲವೇ ಜಾಗ ಖಾಲಿ ಮಾಡಿ ಎಂದರು. ಚೀಟಿ ಕೀಳಲು ನನಗೆ ಕೈ ಬರಲಿಲ್ಲ. ಜಾಗ ಖಾಲಿ ಮಾಡಿದೆವು. ಬಸವಮ್ಮ ಒಂದೊಂದೇ ಕೋಟನ್ನು ಮಡಿಸಿ ಮೂಟೆಗೆ ಹಾಕಿದಳು. ನಮ್ಮ ಮನೆಯ ಮುಂದೆ ಆಟೋದಿಂದ ಇಳಿದ ಮೇಲೆ ಕೇಳಿದಳು, “ಅವ್ವಾ, ನಾನು ಅದೇ ಊರ್ನೋಳು ಅನ್ನಾಕೂ ಕಾಗದ ಬೇಕೇನು?” ಅದರ ಮುಂದಿನ ವಾರ ಬಂತು ನಿಮ್ಮ ನೋಟೀಸು.

ಇಷ್ಟು ನನ್ನ ವಿವರಣೆ. ಇನ್ನು ನನ್ನ ಒತ್ತಾಯ. ಆ ನೋಟೀಸನ್ನು ಹಿಂದಕ್ಕೆ ತೆಗೆದುಕೊಳ್ಳಿ. ನಿಮ್ಮ ಬಿಳಿ ಉಣ್ಣೆ ಎಲ್ಲಿಂದ ಬರುತ್ತದೋ ಆ ಊರಿನ, ಆ ದೇಶದ ಹೆಸರನ್ನೇ ಅದರ ಮೇಲೆ ಅಚ್ಚು ಹಾಕಿಸಿ. ಅದು ಚೆನ್ನಾದ ಉಣ್ಣೆ, ತನ್ನ ಊರಿನ ಹೆಸರು ಹೇಳಿಕೊಳ್ಳಲು ಅದಕ್ಕೇನೂ ನಾಚಿಕೆಯಿಲ್ಲ. ಕರಿಗುಡ್ಡದಹಟ್ಟಿಯ ಹೆಸರು ಬೇಕೇಬೇಕೆಂದರೆ ಕರಿಗುಡ್ಡದಹಟ್ಟಿಗೆ ಲಾರಿ ಕಳಿಸಿ. ಮರಿಯ ಉಣ್ಣೆ, ಹೆಗಲಿನ ಉಣ್ಣೆ, ಹೊಟ್ಟೆಯ ಉಣ್ಣೆ ಎಂದು ವಿಂಗಡಿಸಿ ಕೊಳ್ಳಿ. ಹೇಗೆ ವಿಂಗಡಿಸುವುದೆಂದು ನಿಮ್ಮ ತಜ್ಞರಿಗೆ ತಿಳಿಯದಿದ್ದರೆ ಹೇಳಿಕೊಡುವವರು ಅಲ್ಲಿದ್ದಾರೆ.

ಯುಗಾದಿ ಕಳೆದ ಮೊದಲ ಸೋಮವಾರ ಅಲ್ಲಿ ಉಣ್ಣೆ ಕತ್ತರಿಸುತ್ತಾರೆ. ನಾನೂ ಕೋಕಿಲಾಳೂ ಹೋಗುತ್ತಿದ್ದೇವೆ. ಬೆಳಗ್ಗೆ ಆರೂವರೆಗೆ ಮೆಜೆಸ್ಟಿಕ್ಕಿನಿಂದ ಬಸ್ಸು. ನಿಮಗಾಗಿ ಕಿಟಕಿಯ ಪಕ್ಕದ ಸೀಟಿಗೆ ಕರ್ಚೀಫು ಹಾಕಿ ಹಿಡಿದಿರುತ್ತೇನೆ. ನೀವೇ ಕಣ್ಣಾರೆ ನೋಡಿ, ನೀವೇ ದೃಢೀಕರಿಸಿ, ಬೇಕಾದರೆ ಅಲ್ಲೇ ಮೊಹರು ಒತ್ತಿ. ಈ ವಿಷಯವನ್ನು ಬಸವಮ್ಮನಿಗೂ ತಿಳಿಸಿದ್ದೇನೆ. “ಸಾಹೇಬ್ರು ಬಂದ್ರೆ ಊಟಕ್ಕೆ ಏನ್ ಮಾಡ್ಲವ್ವಾ?” ಎಂದು ಕೇಳಿದಳು. ಸದ್ಯಕ್ಕೆ ಏನೂ ನೆನೆಹಾಕಬೇಡ ಎಂದು ಹೇಳಿದ್ದೇನೆ.

ಇಂತಿ,
ನಾಲ್ಕನೆಯ ಸ್ವೀಕೃತಿ ಸಂಖ್ಯೆಯ ನಿರೀಕ್ಷೆಯಲ್ಲಿ,
ಭಾಗೀರಥಮ್ಮ
ನಿವೃತ್ತ ಹೊಲಿಗೆ ಶಿಕ್ಷಕಿ, ತ್ಯಾಗರಾಜನಗರ
(ನೋಟೀಸಿನಲ್ಲಿ ತನ್ನ ಹೆಸರು ಬಿಟ್ಟುಹೋಗಿದೆ ಎಂದು ಕೋಕಿಲಾ ಬೇಜಾರು ಮಾಡಿಕೊಂಡಿದ್ದಾಳೆ. ದಯವಿಟ್ಟು ಸೇರಿಸಿ.)
ಫೆಬ್ರವರಿ 2003